ಅಲಗಿನ ಬೆನ್ನಿಗೆ ಕಾಡಿಗೆ

ಹೋದ ತಿಂಗಳು ಸೇಲಂನ ಒಂದು ಹಾರ್ಡ್‌ವೇರ್ ಅಂಗಡಿಗೆ ಬಾಗಿಲ ಕೀಲು ಕೊಳ್ಳಲು ಹೋಗಿದ್ದೆ. ಗಾಜಿನ ಪೆಟ್ಟಿಗೆಯೊಳಗೆ ಅಂಗೈಯೊಳಗೆ ಹಿಡಿಸುವಂಥ ಒಂದು ಹಿತ್ತಾಳೆ ಸಾಮಾನು ಕೂತಿತ್ತು. ಕೆಳಗೊಂದು ಪುಟ್ಟ ಚಕ್ರ, ಮೇಲೆ ಎರಡು ದವಡೆ, ಪಕ್ಕದಲ್ಲಿ ತಿರುಪು. ನಾನು ಅದನ್ನೇ ನೋಡುತ್ತ ನಿಂತದ್ದು ಕಂಡು ಅಂಗಡಿಯವರು ಹೊರಗೆ ತೆಗೆದರು. ಇದು ಮರಗೆಲಸದವರು ಉಳಿ ಮಸೆಯುವಾಗ ಬಳಸುವುದಮ್ಮಾ, ಹೊರದೇಶದ ಮಾಲು, ನಿಮಗೆ ಉಪಯೋಗಕ್ಕೆ ಬರುವುದಿಲ್ಲ ಎಂದು ತಮಿಳಿನಲ್ಲಿ ತಿಳಿಸಿ ಹೇಳಿದರು. ಪಾಪ, ಒಳ್ಳೆಯ ಮನುಷ್ಯ. ದವಡೆಗೆ ಉಳಿ ಕಚ್ಚಿಸಿ ಚಕ್ರದ ಮೇಲೆ ಉರುಳಿಸುವುದನ್ನೂ ತೋರಿಸಿದರು. ನಾನು ಎಲ್ಲವನ್ನೂ ಕೇಳಿಸಿಕೊಂಡು, ಒಂದೇ ಚಕ್ರವಾದರೆ ಅಲಗು ಒಂದು ಕಡೆಗೆ ವಾಲುತ್ತದೆ, ಎರಡಿದ್ದರೆ ಚೆನ್ನಾಗಿತ್ತು ಎಂದೆ. ಅವರು ಒಮ್ಮೆ ಸಾಮಾನನ್ನು, ಒಮ್ಮೆ ನನ್ನನ್ನು ನೋಡಿದರು.

ಹೇಳದೆ ಬಿಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಇಂಥದ್ದನ್ನು ತೊಪ್ಪೂರಿನಲ್ಲಿ ನಾನೇ ಮಾಡಿದ್ದೆ ಎಂದು ಹೇಳಿಯೇ ಹೊರಟೆ. ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ. ಬಸ್ಸು ಹತ್ತಿ ಕೂತಾಗ ಮೂಗಿನ ತುಂಬ ಸೀಮೆಎಣ್ಣೆಗೆ ಹರಳೆಣ್ಣೆ ಬೆರೆಸಿದ ಆ ಹಳೆಯ ವಾಸನೆ. ಕೀಲು ಅಂಗಡಿಯಲ್ಲೇ ಉಳಿದಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಮದುವೆಯಾಗಿ ತೊಪ್ಪೂರಿಗೆ ಬಂದು ಎರಡನೆಯ ವರ್ಷ. ಮಾವನ ಪಟ್ಟರೆ ಘಾಟಿಯ ಬುಡದಲ್ಲಿ, ಹೆದ್ದಾರಿಗೆ ಮುಖಮಾಡಿತ್ತು. ಕೆಲಸದ ಶೆಡ್ಡಿಗೆ ನಮ್ಮ ಕಡೆ ಪಟ್ಟರೆ ಎಂದೇ ಹೇಳುವುದು. ತಗಡಿನ ಸೂರು, ಮುಂದೊಂದು ಹುಣಸೆಮರ, ಹಿಂದೆ ಮನೆ. ಲಾರಿಗೆ ಮರದ ಬಾಡಿ ಕಟ್ಟುವುದು, ಒಡೆದ ಬಾಡಿಗೆ ಹೊಸ ಹಲಗೆ ಹಾಕುವುದು ಅಲ್ಲಿಯ ಕೆಲಸ. ಘಾಟಿ ಇಳಿಯುವ ಲಾರಿಗಳ ಬ್ರೇಕಿನ ಸುಟ್ಟ ವಾಸನೆ, ಹತ್ತುವ ಲಾರಿಗಳ ನರಳಾಟ, ಇವುಗಳ ನಡುವೆ ಮಾವ ಮತ್ತು ನನ್ನ ಗಂಡ ಮಾದೇಶ ದಿನವಿಡೀ ಹತ್ತರಿ ತಳ್ಳುತ್ತಿದ್ದರು. ಹತ್ತರಿ ಎಂದರೆ ಮರದ ಮೈ ಹೆರೆದು ನಯ ಮಾಡುವುದು, ತಮಿಳಿನವರ ಇಳೈಪ್ಪುಳಿ.

ಮಾವ ಹುಟ್ಟಿನಿಂದ ಬಡಗಿಯಲ್ಲ. ನಮ್ಮಂತೆಯೇ ಕನ್ನಡ ಮಾತಾಡುವ ಒಕ್ಕಲು ಮನೆತನ. ಪ್ರಾಯದಲ್ಲಿ ಸೇಲಂಗೆ ಹೋಗಿ ಒಬ್ಬ ಆಚಾರಿಯ ಕೈಕೆಳಗೆ ಕಲಿತವರು. ಹುಟ್ಟಿನಿಂದ ಬಂದವರಿಗಿಂತ ಕಲಿತು ಬಂದವರಿಗೆ ನೇಮ ಜಾಸ್ತಿ. ಒಬ್ಬನ ಅಲಗನ್ನು ಇನ್ನೊಬ್ಬ ಮಸೆಯಕೂಡದು, ಇದು ಮೊದಲ ನೇಮ. ಉಳಿ ಬೇಕಾದರೆ ಎರವಲು ಕೊಡುತ್ತಿದ್ದರು, ಆದರೆ ಅದರ ಬಾಯಿ, ಎಂದರೆ ಹರಿತ, ಹೋದರೆ ಹಾಗೆಯೇ ತಂದಿಡಬೇಕಿತ್ತು. ಇನ್ನೊಂದು ನೇಮ ಆಯುಧಪೂಜೆಯದು. ಪೂಜೆಗೆ ಕೂತ ಅಲಗನ್ನು ಮರುದಿನ ಬೆಳಿಗ್ಗೆ ಎತ್ತಿ ಹಲಗೆಯ ಮೇಲೆ ಒಂದು ಸಲ ಹತ್ತರಿ ಓಡಿಸುವುದು, ಆಗ ಹೆರೆದು ಬರುವ ಮರದ ಮೊದಲ ಸುರುಳಿಯನ್ನು ಮಸೆಯುವುದು ಕಲಿಸಿದ ಗುರುವಿಗೆ ಒಪ್ಪಿಸುವುದು. ನನ್ನ ಗಂಡ ತನ್ನದನ್ನು ಮಾವನ ಕೈಗಿಡುತ್ತಿದ್ದರು. ಮಾವ ತಮ್ಮದನ್ನು ಎಲೆಯಲ್ಲಿ ಸುತ್ತಿಕೊಂಡು ಸೇಲಂ ಬಸ್ಸು ಹತ್ತಿ, ಸತ್ತುಹೋದ ಗುರುವಿನ ಮನೆಯಲ್ಲಿ ಪಟದ ಮುಂದೆ ಇಟ್ಟು ಬರುತ್ತಿದ್ದರು.

ಮಾವ ಮಸೆಯುವುದನ್ನು ನೋಡಬೇಕಿತ್ತು. ಸಾಣೆಕಲ್ಲಿಗೆ ಸೀಮೆಎಣ್ಣೆ ಹರಳೆಣ್ಣೆ ಬೆರೆಸಿ ಬಿಟ್ಟು, ಮಂಡಿಯೂರಿ, ಅಲಗನ್ನು ಒಂದು ಸಲ ಕಲ್ಲಿನ ಮೇಲೆ ಕೂರಿಸಿದರೆಂದರೆ ಮುಗಿಯಿತು. ಮೊಣಕೈ ಅಲುಗುತ್ತಿರಲಿಲ್ಲ, ಮಣಿಕಟ್ಟು ಮಡಿಯುತ್ತಿರಲಿಲ್ಲ. ಸೊಂಟದಿಂದ ಮೇಲೆ ಇಡೀ ಮೈ ಹಿಂದೆ ಮುಂದೆ ಹೋಗುತ್ತಿತ್ತು. ನಾನು ಅಕ್ಕಿ ಆರಿಸುವ ನೆವದಲ್ಲಿ ಹಿತ್ತಿಲ ಬಾಗಿಲಲ್ಲಿ ಕೂತು ಅದನ್ನೇ ನೋಡುತ್ತಿದ್ದೆ. ಅಕ್ಕಿಯಲ್ಲಿ ಕಲ್ಲು ಉಳಿದು ಅತ್ತೆಯಿಂದ ಬೈಸಿಕೊಂಡದ್ದೂ ಉಂಟು.

ಆ ವರ್ಷ ಆಯುಧಪೂಜೆ ಬರುವ ಪುರಟ್ಟಾಸಿ ತಿಂಗಳು ಹುಟ್ಟುವ ಮೊದಲೇ ಮಳೆ ಹಿಡಿಯಿತು. ಬಿಸಿಲಲ್ಲಿ ಬೆವರು, ಸಂಜೆಗೆ ಗುಡುಗು. ಒಂದು ಹಳೆಯ ಲಾರಿಯ ಬಾಡಿ ಬಿಚ್ಚುವಾಗ ಹಿಂದಿನ ಡೋರು ಜಾರಿ ನನ್ನ ಗಂಡನ ಬಲಗೈ ಹೆಬ್ಬೆರಳಿನ ಮೇಲೆ ಬಿತ್ತು. ನಾಟಿ ವೈದ್ಯರು ಕಟ್ಟು ಕಟ್ಟಿ, ಬೆರಳಿಗೆ ಭಾರ ಬೀಳಬಾರದು ಎಂದರು. ಹತ್ತರಿಯನ್ನು ಅಂಗೈಯಿಂದ ತಳ್ಳಬಹುದಿತ್ತು. ಆದರೆ ಅಲಗು ಮಸೆಯಲು ಹೆಬ್ಬೆರಳು ಬೇಕೇ ಬೇಕು. ಆ ಲಾರಿಯ ಯಜಮಾನ ಆಯುಧಪೂಜೆಗೆ ತನ್ನ ಗಾಡಿ ಮಾಲೆ ಹಾಕಿಸಿಕೊಂಡು ನಿಲ್ಲಬೇಕು ಎಂದು ಕೇಳಿದ್ದ, ಮಾವ ಆಗಲಿ ಎಂದು ಮಾತು ಕೊಟ್ಟಿದ್ದರು. ಹಳೆಯ ಹಲಗೆಗಳಲ್ಲಿ ಒಳ್ಳೆಯವನ್ನು ಹೆರೆದು ಮತ್ತೆ ಬಳಸುವುದು ವಾಡಿಕೆ. ವರ್ಷಗಟ್ಟಲೆ ಧೂಳು, ಮರಳು ಕುಡಿದ ಮರ ಅದು. ಅಲಗಿನ ಬಾಯಿ ಒಂದು ಹೊತ್ತೂ ನಿಲ್ಲುತ್ತಿರಲಿಲ್ಲ.

ನಾನು ಮಸೆದುಕೊಡುತ್ತೇನೆ ಎಂದೆ. ಹುಡುಗಾಟದ ಮಾತಲ್ಲ. ಪೆನ್ನಾಗರಂ ಕಡೆಯ ನಮ್ಮ ಊರಲ್ಲಿ ರಾಗಿ ಕೊಯ್ಲಿಗೆ ಮೊದಲು ಮನೆಯ ಕುಡುಗೋಲುಗಳಿಗೆಲ್ಲ ಅಪ್ಪನ ಜೊತೆ ಕೂತು ಸಾಣೆ ಹಿಡಿದ ಕೈ ನನ್ನದು. ಮಾವ ನೇಮದ ಮಾತು ತೆಗೆದರು. ಆಮೇಲೆ ಮಗನ ಬೆರಳು ನೋಡಿ, ಗಂಡ ಹೆಂಡತಿಯದು ಒಂದೇ ಕೈ ಅಂತ ಇಟ್ಟುಕೊಳ್ಳೋಣ ಎಂದು ಸಡಿಲ ಬಿಟ್ಟರು. ನನ್ನ ಗಂಡನ ಅಲಗುಗಳು ಮಾತ್ರ, ತಮ್ಮದಲ್ಲ.

ಕುಡುಗೋಲಿನ ಕೈ ಹತ್ತರಿಯ ಅಲಗಿಗೆ ಒಗ್ಗಲಿಲ್ಲ. ಅಲಗಿನ ಇಳಿಜಾರು ಎಲ್ಲ ಕಡೆ ಒಂದೇ ಸಮ ಇರಬೇಕು, ನನ್ನ ಕೈಯಲ್ಲಿ ಅದು ತೊಟ್ಟಿಲಂತೆ ತೂಗಿ ಉಬ್ಬಿಕೊಳ್ಳುತ್ತಿತ್ತು. ಹೀಗಿರುವಾಗ ಒಂದು ದಿನ ಹತ್ತರಿಯೊಳಗೆ ಅಲಗು ಕೂರಿಸಿ ಬೆಣೆ ಬಡಿಯುತ್ತಿದ್ದ ಗಂಡನನ್ನು ನೋಡುತ್ತಿದ್ದಾಗ ಅಪ್ಪನ ನೇಗಿಲು ನೆನಪಾಯಿತು. ಗುಳ ಎಷ್ಟು ಓರೆಯಾಗಿ ನೆಲಕ್ಕೆ ಹೋಗಬೇಕೆಂದು ಅಪ್ಪ ಬೆಣೆ ಬಡಿದು ನಿಲ್ಲಿಸಿಬಿಡುತ್ತಿದ್ದರು. ಆಮೇಲೆ ಎತ್ತು ಎಳೆದರೂ ಕಲ್ಲು ತಾಗಿದರೂ ಓರೆ ಬದಲಾಗದು. ಉಳುವಾಗ ಬೆಣೆ ಉಂಟು, ಹೆರೆಯುವಾಗ ಬೆಣೆ ಉಂಟು, ಮಸೆಯುವಾಗ ಮಾತ್ರ ಯಾಕೆ ಬರಿಗೈ?

ಹೊನ್ನೆ ಮರದ ತುಂಡಿಗೆ ಇಳಿಜಾರಾಗಿ ತೋಡು ಕೊರೆದು, ಅಲಗನ್ನು ಅದರಲ್ಲಿ ಕೂರಿಸಿ ಬೆಣೆ ಬಡಿದೆ. ಮೊದಲು ಆ ತುಂಡನ್ನೇ ಕಲ್ಲಿನ ಮೇಲೆ ಎಳೆದೆ. ಅಲಗಿನ ಜೊತೆ ಮರವೂ ಸವೆದು ಓರೆ ಕೆಟ್ಟಿತು. ಪಕ್ಕದ ಮೆಕ್ಯಾನಿಕ್ ಶೆಡ್ಡಿನ ಕಸದ ಗುಡ್ಡೆಯಲ್ಲಿ ಹುಡುಕಿ ಎರಡು ಸಣ್ಣ ಬೇರಿಂಗ್ ತಂದೆ. ತುಂಡಿನ ಹಿಂಭಾಗಕ್ಕೆ ಬೋಲ್ಟು ಹಾಯಿಸಿ ಆ ಕಡೆಗೊಂದು ಈ ಕಡೆಗೊಂದು ಚಕ್ರವಾಯಿತು. ಕಲ್ಲಿನ ಹಿಂದೆ ಅದೇ ಎತ್ತರಕ್ಕೆ ಹಲಗೆಯಿಟ್ಟು ಚಕ್ರ ಅದರ ಮೇಲೆ ಉರುಳುವಂತೆ ಮಾಡಿದೆ. ಅಲಗು ಪ್ರತಿ ಸಲವೂ ಅಷ್ಟೇ ಹೊರಗೆ ಚಾಚಿರಬೇಕಲ್ಲ, ಅದಕ್ಕೆ ಹಲಗೆಗೊಂದು ಮೊಳೆ. ತುದಿ ಮೊಳೆಗೆ ತಾಗುವವರೆಗೆ ಜರುಗಿಸಿ ಬೆಣೆ ಬಿಗಿದರೆ ಸಾಕು, ನಿನ್ನೆಯ ಓರೆಯೇ ಇಂದಿಗೂ.

ಮಾವ ಅದಕ್ಕೆ ಕುಂಟನ ಗಾಡಿ ಎಂದು ಹೆಸರಿಟ್ಟರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅತ್ತೆಗೆ ಹೇಳಿದ್ದು ನನಗೆ ಕೇಳಲೆಂದೇ. ನನ್ನ ಗಂಡ ಗಾಡಿಯಲ್ಲಿ ಮಸೆದ ಅಲಗನ್ನು ಹತ್ತರಿಗೆ ಹಾಕಿ ಒಂದು ಸಲ ತಳ್ಳಿದರು, ಬಂದ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ತಮ್ಮ ಉಳಿಗಳನ್ನೆಲ್ಲ ತಂದು ನನ್ನ ಮುಂದೆ ಸುರಿದರು. ಮದುವೆಯ ದಿನ ತಾಳಿ ಕಟ್ಟಿಸಿಕೊಂಡಾಗಲೂ ನನಗೆ ಅಷ್ಟು ಹಿಗ್ಗಾಗಿರಲಿಲ್ಲ.

ಪೂಜೆಗೆ ಇನ್ನೇನು ವಾರವಿದೆ ಎನ್ನುವಾಗ ಅಪ್ಪ ಬಂದರು. ಅಳಿಯನ ಬೆರಳಿನ ಸುದ್ದಿ ತಡವಾಗಿ ತಿಳಿದಿತ್ತು. ಹೆಗಲ ಮೇಲೆ ಹಸಿ ಕಡಲೆಕಾಯಿಯ ಚೀಲ, ಕಂಕುಳಲ್ಲಿ ತಮ್ಮ ಸಾಣೆಹಲಗೆ, ಮಡಿಲಲ್ಲಿ ಬೆಣಚುಕಲ್ಲಿನ ಪುಡಿಯ ಪೊಟ್ಟಣ. ನಮ್ಮ ಊರಲ್ಲಿ ಕುಡುಗೋಲು ಮಚ್ಚುಗಳಿಗೆ ಸಾಣೆ ಹಿಡಿಯುವುದು ಹಾಗೆ. ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಚೆಲ್ಲಿ, ಅದರ ಮೇಲೆ ಈ ಕಡೆ ಒಂದು ಆ ಕಡೆ ಒಂದು ಎಂದು ಎಳೆಯುವುದು. ಅಪ್ಪನ ಮಚ್ಚು ಸುತ್ತ ಹಳ್ಳಿಗಳಿಗೆ ಹೆಸರುವಾಸಿ. ಅದು ಹಸಿ ಬಿದಿರನ್ನು ಒಂದೇ ಏಟಿಗೆ ಕಡಿಯುತ್ತಿತ್ತು.

ಮಾವ ಮತ್ತು ನನ್ನ ಗಂಡ ಬೋಲ್ಟು ತರಲು ಧರ್ಮಪುರಿಗೆ ಹೋಗಿದ್ದರು. ಅತ್ತೆ, ನಾನು ಅಡುಗೆಗೆ ನಿಂತೆವು. ಅಪ್ಪ ಹುಣಸೆಮರದ ಕೆಳಗೆ ಸ್ವಲ್ಪ ಮಲಗುತ್ತೇನೆ ಎಂದರು. ಸಾರಿಗೆ ಒಗ್ಗರಣೆ ಹಾಕಿ ನಾನು ಹೊರಗೆ ಬಂದಾಗ ಅವರು ಮಲಗಿರಲಿಲ್ಲ. ಗೋಣಿಯ ಮೇಲೆ ಪಟ್ಟರೆಯ ಉಳಿ, ಅಲಗುಗಳೆಲ್ಲ ಸಾಲಾಗಿ ಬೆಳ್ಳಿಯಂತೆ ಹೊಳೆಯುತ್ತಿದ್ದವು. ಕೊನೆಯದು ಮಾವನ ಅಗಲವಾದ ಅಲಗು, ಗುರು ಕೊಟ್ಟದ್ದು. ಅದನ್ನು ಅಪ್ಪ ಹಲಗೆಯ ಮೇಲೆ ಈ ಕಡೆ ಆ ಕಡೆ ತಿರುವಿ ಎಳೆಯುತ್ತಿದ್ದರು.

“ನೋಡವ್ವಾ, ಎಲ್ಲಾ ಒಂದೇ ಕಡೆ ಮಸ್ದು ಬುಟ್ಟವ್ರೆ. ಇನ್ನೊಂದ್ ಕಡೆ ಅಂಗೇ ಮೊಂಡು. ನಾನ್ ಎರಡೂ ಕಡೆ ಸಮ ಮಾಡಿವ್ನಿ” ಎಂದರು. ಅವರ ಮುಖ ಅರಳಿತ್ತು.

ನಾನು ಒಂದು ಉಳಿಯನ್ನು ಎತ್ತಿ ತಿರುವಿ ನೋಡಿದೆ. ಮರಗೆಲಸದ ಅಲಗಿಗೆ ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಕನ್ನಡಿಯಂತೆ ಚಪ್ಪಟೆಯಾದ ಬೆನ್ನು. ಬೆನ್ನು ಚಪ್ಪಟೆ ಇದ್ದರೆ ಮಾತ್ರ ಉಳಿ ಮರದ ಮೇಲೆ ಕೂರುವುದು, ಹತ್ತರಿ ಕಚ್ಚುವುದು. ಅದು ಮೊಂಡು ಅಲ್ಲ, ಅದೇ ಅದರ ಪ್ರಾಣ. ಬಾಯಿಯ ಹತ್ತಿರ ಆ ಬೆನ್ನೆಲ್ಲ ಈಗ ಮಚ್ಚಿನಂತೆ ಉರುಟಾಗಿತ್ತು.

ಮಾವ ಬಂದು ನೋಡಿದರು. ಉಳಿಯೊಂದನ್ನು ಹಲಗೆಯ ಮೇಲಿಟ್ಟು ತಳ್ಳಿದರು, ಅದು ಕಚ್ಚದೆ ಮೇಲೆ ಜಾರಿತು. ತಮ್ಮ ಅಲಗನ್ನು ಎತ್ತಿ ಬೆನ್ನ ಮೇಲೆ ಹೆಬ್ಬೆರಳು ಆಡಿಸಿದರು. ಕೂಗಾಡಿದ್ದರೆ ಚೆನ್ನಾಗಿತ್ತು. ಬೀಗರನ್ನು ನಮ್ಮ ಕಡೆ ಸಂಬಂದಿ ಎನ್ನುತ್ತೇವೆ. ಮಾವ ತಣ್ಣಗೆ ಕೇಳಿದರು: “ಸಂಬಂದಿ, ನಿಮ್ಮ ಒಲಕ್ಕೆ ಬಂದು ನಾನು ಯಾವತ್ತಾದ್ರೂ ನೇಗ್ಲು ಮುಟ್ಟಿವ್ನಾ?”

ಅಪ್ಪ ಸಾಣೆಹಲಗೆಯ ಪುಡಿ ಕೊಡವಿದರು. ಒಳಗೆ ಎಲೆ ಹಾಕಿತ್ತು. ಅತ್ತೆ ಕರೆದರೂ ಕೂರಲಿಲ್ಲ. ಬಸ್ಸಿನವರೆಗೆ ಹಿಂದೆ ಹೋದ ನನಗೆ, ಇನ್ನು ಆಯುಧಪೂಜೆಗೂ ಬರುವುದಿಲ್ಲ, ಯಾವುದಕ್ಕೂ ಬರುವುದಿಲ್ಲ, ನೀನು ಬೇಕಾದರೆ ಬಂದು ಹೋಗು ಎಂದರು. ಉಪವಾಸ ಹೊರಟ ಅಪ್ಪನನ್ನು ಬಸ್ಸು ಹತ್ತಿಸಿ ಬಂದ ಮಗಳಿಗೆ ಹೇಗಾಗಿರಬೇಕು? ಅಳು ಬಂತು, ಅದಕ್ಕಿಂತ ಸಿಟ್ಟು ಹೆಚ್ಚು ಬಂತು. ಯಾರ ಮೇಲೆ ಎಂದು ನನಗೇ ತಿಳಿಯಲಿಲ್ಲ. ಇವರಿಬ್ಬರೂ ಸರಿಯೇ, ಅದೇ ಕಷ್ಟ. ಬಾಡಿ ಮುಗಿಯದೆ ಹೋದರೆ ಮಾವನ ಮಾತು ಹೋಗುತ್ತದೆ, ಮಾತು ಹೋದರೆ ಅಪ್ಪ ಈ ಮನೆಯ ಹೊಸ್ತಿಲು ಮತ್ತೆ ತುಳಿಯುವುದಿಲ್ಲ. ಅಷ್ಟು ಮಾತ್ರ ಚೆನ್ನಾಗಿ ಗೊತ್ತಿತ್ತು.

ಮೆಕ್ಯಾನಿಕ್ ಶೆಡ್ಡಿನ ಕರೆಂಟು ಗ್ರೈಂಡರಿಗೆ ಕೊಟ್ಟರೆ ಒಂದು ಗಳಿಗೆಯಲ್ಲಿ ಆಗುತ್ತದೆ ಎಂದರು ಅಕ್ಕಪಕ್ಕದವರು. ಆಗುತ್ತದೆ, ಅಲಗು ಕಾದು ನೀಲಿ ತಿರುಗಿ ಹದ ಹೋಗುತ್ತದೆ. ಬೆನ್ನು ಚಪ್ಪಟೆ ಮಾಡಲು ನನ್ನ ಗಾಡಿಯೂ ಕೆಲಸಕ್ಕೆ ಬಾರದು, ಅದು ಓರೆಗೆ ಮಾತ್ರ. ಇಲ್ಲಿ ಬರಿಗೈಯೇ ಗತಿ. ಒಡೆದ ಲಾರಿಯ ಬಾಗಿಲಿನಿಂದ ತೆಗೆದಿಟ್ಟ ಗಾಜೊಂದು ಸಿಕ್ಕಿತು. ಮೆಕ್ಯಾನಿಕ್ಕುಗಳು ಇಂಜಿನ್ನಿನ ವಾಲ್ವು ಉಜ್ಜಲು ಬಳಸುವ ಮರಳುಮರಳಾದ ಪೇಸ್ಟನ್ನು ಕೇಳಿ ತಂದೆ. ಗಾಜಿನ ಮೇಲೆ ಪೇಸ್ಟು, ಅದರ ಮೇಲೆ ಅಲಗಿನ ಬೆನ್ನು, ಬೆನ್ನ ಮೇಲೆ ನನ್ನ ಬೆರಳುಗಳು.

ಎಲ್ಲಿ ಸವೆದಿದೆ, ಎಲ್ಲಿ ಇಲ್ಲ ಎಂದು ಕಣ್ಣಿಗೆ ಕಾಣಬೇಕಲ್ಲ. ಒಳಗೆ ಹೋಗಿ ನನ್ನ ಕಾಡಿಗೆ ಡಬ್ಬಿ ತಂದೆ. ಬೆನ್ನಿಗೆಲ್ಲ ಕಾಡಿಗೆ ಬಳಿದು ಗಾಜಿನ ಮೇಲೆ ಎಳೆದರೆ ಉಬ್ಬಿದ ಕಡೆ ಅಳಿಯುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಬಾಯಿಯ ಉದ್ದಕ್ಕೂ ಕಪ್ಪು ಗೆರೆಯೊಂದು ನಿಂತಿತು. ಅದೇ ಅಪ್ಪ ಉರುಟು ಮಾಡಿದ ಜಾಗ. ಆ ಗೆರೆ ಹೋಗುವವರೆಗೆ ಉಜ್ಜಬೇಕು. ಉಜ್ಜುವುದು, ಒರೆಸುವುದು, ಮತ್ತೆ ಕಾಡಿಗೆ ಬಳಿಯುವುದು. ಗೆರೆ ದಾರದಷ್ಟಾಗಿ, ಕೂದಲಷ್ಟಾಗಿ, ಕೊನೆಗೆ ಒಂದು ಮೂಲೆಯಲ್ಲಿ ಇರುವೆಯಷ್ಟು ಉಳಿದು ಆಟ ಆಡಿಸುತ್ತಿತ್ತು. ಅದೂ ಹೋದ ಮೇಲೆ ಅಲಗನ್ನು ಗಾಡಿಗೆ ಕಟ್ಟಿ ಓರೆ ಮಸೆದು, ಅಲಗಿನ ಬೆನ್ನ ಕಡೆ ಏಳುವ ಕಬ್ಬಿಣದ ಸಿಬಿರನ್ನು ಚರ್ಮದ ಚಪ್ಪಲಿಯ ಮೇಲೆ ಎಳೆದು ತೆಗೆಯುತ್ತಿದ್ದೆ. ಆ ದಿನಗಳಲ್ಲಿ ನಾನು ಬಡಿಸಿದ ಅನ್ನಕ್ಕೆಲ್ಲ ಸೀಮೆಎಣ್ಣೆಯ ವಾಸನೆ ಇತ್ತು ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ.

ಮೊದಲ ಉಳಿ ಮುಗಿದಾಗ ನನ್ನ ಗಂಡ ಅದನ್ನು ಹಲಗೆಯ ಮೇಲಿಟ್ಟರು. ಅದು ಅಂಟಿದಂತೆ ಕೂತು, ತಳ್ಳಿದ ಕೂಡಲೇ ಕಚ್ಚಿತು. ಮಾವ ನೋಡಿ ತಮ್ಮ ಕೆಲಸಕ್ಕೆ ಹೋದರು. ತಮ್ಮ ಅಲಗನ್ನು ಅವರು ತಾವೇ ಸರಿಮಾಡಿಕೊಳ್ಳುತ್ತಿದ್ದರು. ಆದರೆ ವಯಸ್ಸಿನ ಕಣ್ಣು, ಬಾಯಿಯ ಉರುಟು ಅವರಿಗೆ ಕಾಣುತ್ತಿರಲಿಲ್ಲ. ಹತ್ತರಿಗೆ ಹಾಕಿ ತಳ್ಳುವುದು, ಅದು ಮರವನ್ನು ಕಿತ್ತು ಹಾಕುವುದು, ಮತ್ತೆ ಕಲ್ಲಿಗೆ ಹೋಗುವುದು. ಎರಡು ದಿನ ಹೀಗೆ ನಡೆಯಿತು. ಮೂರನೆಯ ದಿನ ನಾನು ನೀರು ಸೇದಿ ಬರುವಷ್ಟರಲ್ಲಿ ನನ್ನ ಗಾಜಿನ ಪಕ್ಕದಲ್ಲಿ ಆ ಅಲಗು ಕೂತಿತ್ತು. ಮಾವ ಅತ್ತ ತಿರುಗಿ ಬೋಲ್ಟು ಬಿಗಿಯುತ್ತಿದ್ದರು.

ಅದರ ಬೆನ್ನು ಮುಗಿಯಲು ಒಂದು ಹಗಲು ಹಿಡಿಯಿತು. ಆಮೇಲೆ ಗಾಡಿ ತಂದರೆ ಅಲಗು ತೋಡಿನಲ್ಲಿ ಹಿಡಿಸಲಿಲ್ಲ. ಅಷ್ಟು ಅಗಲ ಅದು. ಹೊಸ ಗಾಡಿ ಮಾಡಲು ಹೊತ್ತಿಲ್ಲ. ಕಲ್ಲಿಗೆ ಎಣ್ಣೆ ಬಿಟ್ಟು ಮಂಡಿಯೂರಿ ಕೂತೆ. ಅಲಗನ್ನು ಕಲ್ಲಿನ ಮೇಲೆ ಇಟ್ಟು ಮೆಲ್ಲಗೆ ಎತ್ತುತ್ತ ಬಂದೆ, ಇಳಿಜಾರು ಕಲ್ಲಿಗೆ ಪೂರ್ತಿ ಕೂತದ್ದು ಬೆರಳಿಗೆ ತಿಳಿಯಿತು. ಗಾಡಿ ಅಷ್ಟು ದಿನ ನನ್ನ ಕೈಗೆ ಕಲಿಸಿದ್ದು ಅದನ್ನೇ ಇರಬೇಕು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡೆ, ಮಣಿಕಟ್ಟನ್ನು ಮರೆತೆ, ಸೊಂಟದಿಂದ ಹೋದೆ, ಸೊಂಟದಿಂದ ಬಂದೆ. ಪಟ್ಟರೆಯಲ್ಲಿ ಬೋಲ್ಟು ಬಿಗಿಯುವ ಸದ್ದು ನಿಂತಿತ್ತು. ಮಾವ ನೋಡುತ್ತಿದ್ದಾರೆಂದು ಗೊತ್ತಿದ್ದೂ ನಾನು ತಲೆಯೆತ್ತಲಿಲ್ಲ.

ಬಾಡಿ ಪೂಜೆಯ ಹಿಂದಿನ ದಿನ ಮುಗಿಯಿತು. ಬಾಳೆಕಂದು ಕಟ್ಟಿಸಿಕೊಂಡ ಲಾರಿ ಪಟ್ಟರೆಯ ಮುಂದೆ ಮದುವಣಿಗನಂತೆ ನಿಂತಿತು. ಪೂಜೆಯಲ್ಲಿ ಅಲಗುಗಳ ಸಾಲಿನ ಕೊನೆಗೆ, ಯಾರೂ ಹೇಳದೆ, ಮಾವ ನನ್ನ ಕುಂಟನ ಗಾಡಿಯನ್ನೂ ತಂದಿಟ್ಟು ಕುಂಕುಮ ಇಟ್ಟರು. ಅಪ್ಪ ಬರಲಿಲ್ಲ. ಪ್ರತಿ ಬಸ್ಸು ನಿಂತಾಗಲೂ ನಾನು ಹೊರಗೆ ನೋಡಿದೆ.

ಮರುದಿನ ಬೆಳಿಗ್ಗೆ ನನ್ನ ಗಂಡ ಹತ್ತರಿ ತಳ್ಳಿ ಮೊದಲ ಸುರುಳಿಯನ್ನು ಮಾವನ ಕೈಗಿಟ್ಟರು. ಮಾವ ತಮ್ಮದನ್ನು ಎಲೆಯಲ್ಲಿ ಸುತ್ತಿದರು. ಆಮೇಲೆ ತಮ್ಮ ಹತ್ತರಿಯನ್ನು ಹಲಗೆಯ ಮೇಲಿಟ್ಟು ಪಕ್ಕಕ್ಕೆ ಸರಿದು ನನ್ನನ್ನು ಕರೆದರು. ನಾನು ಸೆರಗು ಸಿಕ್ಕಿಸಿ ತಳ್ಳಿದೆ. ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಹತ್ತರಿಯ ಬಾಯಿಂದ ಒಂದೇ ಸುರುಳಿ ಹೊರಬಂತು, ಈರುಳ್ಳಿಯ ಒಳಸಿಪ್ಪೆಯಂತೆ, ಎಲ್ಲಿಯೂ ಹರಿಯದೆ.

“ನಿಂದೂ ಮೊದಲ್ ಸುರುಳಿ ಆಯ್ತು ಗೌರಮ್ಮ. ಕಲ್ಸಿದೋರ್ಗೆ ಕೊಟ್ಬುಡು” ಎಂದರು ಮಾವ. ಅವರ ಬಲಗೈ ಅರ್ಧ ಮುಂದೆ ಬಂದಿತ್ತು.

ಅವರ ಸೊಂಟ, ಅವರ ಮೊಣಕೈ ನೋಡಿ ಕಲಿತವಳು ನಾನು, ಸುಳ್ಳಲ್ಲ. ಆದರೆ ಕಬ್ಬಿಣ ಕಲ್ಲಿಗೆ ತಾಗಿದಾಗ ಬೆರಳಿಗೆ ಏನು ತಿಳಿಯಬೇಕೆಂದು ನನಗೆ ಮೊದಲು ತಿಳಿಸಿದ್ದು ರಾಗಿ ಹೊಲದ ಬದುವಿನ ಮೇಲೆ, ನನ್ನ ಕೈಯ ಮೇಲೆ ಕೈಯಿಟ್ಟು, ಅಪ್ಪ.

“ನಂಗೆ ಮಸಿಯಾದು ಕಲ್ಸಿದ್ದು ನಮ್ಮಪ್ಪ, ಮಾವ” ಎಂದೆ.

ಮಾವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಪಂಚೆಗೆ ಒರೆಸಿದರು. ಆಮೇಲೆ ಬಾಳೆಲೆಯ ಇನ್ನೊಂದು ತುಂಡು ಹರಿದು ನನ್ನ ಕೈಗೆ ಕೊಟ್ಟರು. “ನೇಮ ಅಂದ್ರೆ ನೇಮ. ನಡಿ, ನಾನೂ ಬತ್ತೀನಿ. ಸೇಲಂಗೆ ನಾಳೆ ಓದ್ರಾಯ್ತು.”

ಅದಿಯಮಾನ್‌ಕೋಟೆ ದಾಟಿ ಧರ್ಮಪುರಿಯಲ್ಲಿ ಬಸ್ಸು ಬದಲಿಸಿ ನಮ್ಮೂರು ಮುಟ್ಟುವವರೆಗೂ ಸುರುಳಿ ಮುರಿಯದಂತೆ ಎಲೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಅಪ್ಪ ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದರು. ಬೀಗರನ್ನು ಕಂಡು ಎದ್ದು ನಿಂತರು, ಬನ್ನಿ ಅನ್ನಲಿಲ್ಲ. ಮಾವ ಚಪ್ಪಲಿ ಬಿಟ್ಟು, ತಾವೇ ಮೊದಲು ಜಗಲಿಯ ಮೇಲೆ ಕೂತು, ನಮ್ಮ ಪಟ್ಟರೆಯಲ್ಲಿ ಒಂದು ನೇಮ ಐತೆ ಎಂದು ಶುರುಮಾಡಿ ಎಲ್ಲವನ್ನೂ ಹೇಳಿದರು. ಕಾಡಿಗೆಯ ವಿಷಯ ಹೇಳುವಾಗ ಅವರ ದನಿಯಲ್ಲಿ ನನಗಿಂತ ಹೆಚ್ಚಿನ ಜಂಬ ಇತ್ತು. “ನಿಮ್ಮ ಮಗ್ಳು ಮಸ್ದಿದ್ದು, ಸಂಬಂದಿ. ನಮ್ಮ ಪಟ್ಟರೇಲಿ ಇಂಥದ್ದು ನಾನೇ ತೆಗ್ದಿಲ್ಲ” ಎಂದರು.

ನಾನು ಎಲೆ ಬಿಚ್ಚಿ ಅಪ್ಪನ ಅಂಗೈ ಮೇಲೆ ಸುರುಳಿ ಇಟ್ಟೆ. ಅವರು ಅದನ್ನು ಮೆಲ್ಲಗೆ ಬಿಡಿಸಿ ಬಿಸಿಲಿಗೆ ಹಿಡಿದರು. ಸುರುಳಿಯ ಆಚೆ ಅವರ ಬೆರಳು ಕಾಣುತ್ತಿತ್ತು. ಆಮೇಲೆ ಅದನ್ನು ಹಾಗೆಯೇ ಸುತ್ತಿ, ತಲೆಯ ಮುಂಡಾಸಿನ ಮಡಿಕೆಯೊಳಗೆ, ಯಾರಾದರೂ ಕಿತ್ತುಕೊಂಡಾರು ಎಂಬಂತೆ, ಸಿಕ್ಕಿಸಿಕೊಂಡರು. ಒಳಗೆ ತಿರುಗಿ ಅಮ್ಮನಿಗೆ ಎಲೆ ಹಾಕಲು ಹೇಳಿದರು. ಮಾವನ ಕೈ ಹಿಡಿದು ಎಬ್ಬಿಸುತ್ತ ಹೇಳಿದರು:

“ಚೆನ್ನಾಗೈತೆ. ಎರಡೂ ಕಡೆ ಮಸ್ದಿದ್ರೆ ಇನ್ನೂ ಚೆನ್ನಾಗ್ ಬತ್ತಿತ್ತು.”